ಕೆಟ್ಟ ರೇಡಿಯೋವನ್ನು ಬಿಚ್ಚುವ ಮುನ್ನ

ನಮ್ಮ ಪಟ್ಟಣಗಳ ಹಳೆಯ ಮನೆಗಳಲ್ಲಿ ಅಜ್ಜನ ಕಾಲದ ವಾಲ್ವ್ ರೇಡಿಯೋ ಒಂದು ಇನ್ನೂ ಉಳಿದುಕೊಂಡಿರುವುದುಂಟು. ನಡುಮನೆಯ ಗೂಡಿನಲ್ಲಿಯೋ ಅಟ್ಟದ ಮೇಲೆಯೋ ಧೂಳು ಹೊದೆದು ಕುಳಿತಿರುವ ಆ ಮರದ ಪೆಟ್ಟಿಗೆಯನ್ನು ಕೆಳಗಿಳಿಸಿ, ಅದಕ್ಕೆ ಪುನಃ ಜೀವ ತರಬೇಕೆಂಬ ಹಂಬಲ ಈಚೆಗೆ ವಿದ್ಯಾವಂತ ತರುಣರಲ್ಲಿ ಹುಟ್ಟಿರುವುದನ್ನು ನಾವು ಕಾಣುತ್ತಿದ್ದೇವೆ. ಹಂಬಲವೇನೋ ಶ್ಲಾಘ್ಯವಾದುದೇ. 1935ರಲ್ಲಿ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ರೇಡಿಯೋ ನಿಲಯವನ್ನು ಆರಂಭಿಸಿದಾಗ, ಊರ ಜನ ಅದನ್ನು ಕೇಳಿದ್ದು ಇಂಥ ಪೆಟ್ಟಿಗೆಗಳ ಮುಂದೆ ಕುಳಿತೇ. ಆದರೆ ಅಂದು ಪ್ರತಿಯೊಂದು ಪೇಟೆಯಲ್ಲಿಯೂ ಇದ್ದ ರಿಪೇರಿಗಾರರ ಅಂಗಡಿಗಳು ಒಂದೊಂದಾಗಿ ಮುಚ್ಚಿಹೋಗಿವೆ. ಅಂಗಡಿಯೊಂದಿಗೆ ಅವರು ಗುರುವಿನಿಂದ ಕಲಿತಿದ್ದ ಎಚ್ಚರಿಕೆಗಳೂ ಹೋದುವು. ತಿರುಪುಳಿ ಮಾತ್ರ ಉಳಿದಿದೆ. ಆದುದರಿಂದ ರಿಪೇರಿ ಮಾಡುವ ಬಗೆಯನ್ನು ನಾವು ಇಂದು ಹೇಳಹೊರಟಿಲ್ಲ. ಪೆಟ್ಟಿಗೆಯ ಹಿಂಬದಿಯ ಹಲಗೆಯನ್ನು ತೆಗೆಯುವುದಕ್ಕೆ ಮುಂಚೆ ತಿಳಿದಿರಬೇಕಾದ ಒಂದೆರಡು ಸಂಗತಿಗಳನ್ನು ಮಾತ್ರ ಶ್ರೋತೃಗಳ ಮುಂದಿಡುತ್ತೇವೆ.

ಮೊದಲು ಅಳತೆಯ ಮಾತು. ಮನೆಗೆ ಬರುವ ವಿದ್ಯುತ್ತಿನ ಒತ್ತಡ 230 ವೋಲ್ಟು. ದೇಹಕ್ಕೆ ಕೇಡುಮಾಡುವುದು ಅದರ ಮೂಲಕ ಹರಿಯುವ ಪ್ರವಾಹ. ಒಂದು ಆಂಪಿಯರಿನ ಸಾವಿರದಲ್ಲೊಂದು ಪಾಲಿಗೆ ಮಿಲಿಆಂಪಿಯರ್ ಎಂದು ಹೆಸರು. ಒಂದು ಮಿಲಿಆಂಪಿಯರ್ ಹರಿದರೆ ಜುಮ್ಮೆನ್ನುತ್ತದೆ. ಹತ್ತರ ಆಸುಪಾಸಿನಲ್ಲಿ ಸ್ನಾಯುಗಳು ಬಿಗಿದುಕೊಂಡು, ಹಿಡಿದ ಕೈ ಬಿಡಲಾರದ ಸ್ಥಿತಿ ಬರುತ್ತದೆ. ಮೂವತ್ತನ್ನು ಮೀರಿ ಎದೆಯ ಮೂಲಕ ಹಾದುಹೋದರೆ ಹೃದಯದ ಬಡಿತವೇ ಲಯತಪ್ಪುವ ಭಯವುಂಟು. ಒದ್ದೆಯಾದ ಚರ್ಮದ ಕೈಯಿಂದ ಕಾಲಿನವರೆಗೆ ದೇಹದ ಪ್ರತಿರೋಧ ಸಾವಿರ ಓಮಿನಷ್ಟಕ್ಕೆ ಇಳಿಯಬಹುದು. ಆಗ 230 ವೋಲ್ಟು ಹರಿಸುವ ಪ್ರವಾಹ 230 ಮಿಲಿಆಂಪಿಯರ್.

ಫ್ಯೂಸು ಇದೆಯಲ್ಲ, ಅದು ಕಾಪಾಡುವುದಿಲ್ಲವೇ ಎಂದು ಕೇಳುವವರುಂಟು. 5 ಆಂಪಿಯರಿನ ಫ್ಯೂಸು ಎಂದರೆ 5000 ಮಿಲಿಆಂಪಿಯರ್. ಮನುಷ್ಯನ ಹೃದಯ ನಿಲ್ಲುವುದಕ್ಕೆ ಸಾಕಾದ ಪ್ರವಾಹದ ನೂರೈವತ್ತು ಪಾಲಿಗೂ ಹೆಚ್ಚು! ಫ್ಯೂಸು ಇರುವುದು ತಂತಿಗೆ ಬೆಂಕಿ ಹತ್ತದಂತೆ ನೋಡಿಕೊಳ್ಳುವುದಕ್ಕಾಗಿ. ಮನುಷ್ಯನ ಯೋಗಕ್ಷೇಮ ಅದರ ಕೆಲಸವಲ್ಲ. ಇಂದಿನ ಹೊಸ ಮನೆಗಳಲ್ಲಿ ಹಾಕುವ ಆರ್.ಸಿ.ಸಿ.ಬಿ. ಎಂಬ ಸಾಧನ 30 ಮಿಲಿಆಂಪಿಯರ್ ಸೋರಿದೊಡನೆ ಕಡಿದು ಹಾಕುತ್ತದೆ. ಅದು ಇಲ್ಲದ ಮನೆಯಲ್ಲಿ ಹಾಕಿಸಿಕೊಂಡೇ ಈ ಕೆಲಸಕ್ಕೆ ಕೂಡುವುದು ಮೇಲು. ಆದರೆ ಅದಕ್ಕೂ ಕಾಣದ ಅಪಾಯವೊಂದು ಪೆಟ್ಟಿಗೆಯೊಳಗೆ ಅಡಗಿದೆ. ಈ ಭಾಷಣದ ಮುಖ್ಯಾಂಶವೇ ಅದು.

ಪ್ಲಗ್ಗನ್ನು ಗೋಡೆಯಿಂದ ಕಿತ್ತ ಮೇಲೆ ರೇಡಿಯೋದಲ್ಲಿ ವಿದ್ಯುತ್ತು ಉಳಿಯಲಾರದೆಂಬುದು ಲೋಕದ ನಂಬಿಕೆ. ಈ ನಂಬಿಕೆ ಸುಳ್ಳೆಂಬುದು ಸುಮಾರು 280 ವರ್ಷಗಳ ಹಿಂದೆಯೇ ತಿಳಿದುಬಂದಿತ್ತು. 1745-46ರಲ್ಲಿ ಹಾಲೆಂಡಿನ ಲೈಡನ್ ನಗರದ ಪ್ರೊಫೆಸರ್ ಮುಸ್ಸೆನ್‌ಬ್ರೂಕ್ ಎಂಬಾತನು ನೀರು ತುಂಬಿದ ಗಾಜಿನ ಪಾತ್ರೆಯೊಂದರಲ್ಲಿ ವಿದ್ಯುತ್ತನ್ನು ಕೂಡಿಹಾಕಿದನು. ಯಂತ್ರವನ್ನು ನಿಲ್ಲಿಸಿದ ಮೇಲೆಯೂ ಪಾತ್ರೆ ಸುಮ್ಮನಿರಲಿಲ್ಲ. ಮುಟ್ಟಿದವನಿಗೆ ಮೈಯೆಲ್ಲ ನಡುಗುವಂತೆ ಹೊಡೆಯಿತು. ಫ್ರಾನ್ಸಿನ ರಾಜ್ಯವನ್ನೇ ಕೊಟ್ಟರೂ ಇನ್ನೊಮ್ಮೆ ಆ ಪೆಟ್ಟು ತಿನ್ನಲಾರೆನೆಂದು ಆತನು ಪ್ಯಾರಿಸ್ಸಿನ ಮಿತ್ರನಿಗೆ ಬರೆದನಂತೆ. ರೇಡಿಯೋದೊಳಗಿನ ಕಂಡೆನ್ಸರ್ ಎಂಬುದು ಆ ಲೈಡನ್ ಪಾತ್ರೆಯ ವಂಶಕ್ಕೇ ಸೇರಿದ್ದು. ಗಾಜಿಗೆ ಬದಲು ಲೋಹದ ತೆಳು ಹಾಳೆಗಳನ್ನು ಸುತ್ತಿ ಡಬ್ಬಿಯೊಳಗಿಟ್ಟಿದೆ, ಅಷ್ಟೆ.

ವಾಲ್ವ್ ರೇಡಿಯೋದಲ್ಲಿ ಈ ಡಬ್ಬಿಯ ಮೇಲೆ ಸಾಧಾರಣವಾಗಿ 250ರಿಂದ 300 ವೋಲ್ಟು ನಿಂತಿರುತ್ತದೆ. ಸಂಗೀತಕ್ಕಾಗಿ ಮಾಡಿದ ದೊಡ್ಡ ಆಂಪ್ಲಿಫೈಯರುಗಳಲ್ಲಿ 450ಕ್ಕೂ ಏರುವುದುಂಟು. 100 ಮೈಕ್ರೋಫ್ಯಾರಡಿನ ಡಬ್ಬಿಯಲ್ಲಿ 450 ವೋಲ್ಟು ತುಂಬಿದ್ದರೆ ಅದರಲ್ಲಿ ಕೂಡಿದ ಶಕ್ತಿ ಸುಮಾರು 10 ಜೂಲ್. ಒಂದು ಕಿಲೋಗ್ರಾಂ ತೂಕದ ಕಲ್ಲು ಒಂದು ಮೀಟರ್ ಎತ್ತರದಿಂದ ಬಿದ್ದರೆ ಬರುವ ಶಕ್ತಿಯೂ ಅಷ್ಟೇ. ವ್ಯತ್ಯಾಸವೇನೆಂದರೆ, ಕಲ್ಲು ಕಾಲಿನ ಮೇಲೆ ಬೀಳುತ್ತದೆ, ಇದು ಎದೆಯ ಮೂಲಕ ಹಾಯುತ್ತದೆ.

ಇಲ್ಲೊಂದು ಸೂಕ್ಷ್ಮವುಂಟು. ರಿಪೇರಿಯ ಪುಸ್ತಕಗಳು ಇದನ್ನು ಒಂದು ಸಾಲಿನಲ್ಲಿ ಹೇಳಿ ಮುಗಿಸಿಬಿಡುತ್ತವೆ; ನಮಗಾದರೋ ಎಲ್ಲಕ್ಕಿಂತ ಮಿಗಿಲಾದ ಸಂಗತಿಯೆಂದು ತೋರುತ್ತದೆ. ಸರಿಯಾಗಿ ಹಾಡುತ್ತಿರುವ ರೇಡಿಯೋವನ್ನು ಆರಿಸಿದರೆ, ವಾಲ್ವುಗಳು ಇನ್ನೂ ಬಿಸಿಯಾಗಿಯೇ ಇರುವುದರಿಂದ ಕಂಡೆನ್ಸರಿನಲ್ಲಿದ್ದ ವಿದ್ಯುತ್ತನ್ನು ಅವೇ ಕುಡಿದು ಬರಿದುಮಾಡುತ್ತವೆ. ಕೆಲವು ಸೆಕೆಂಡುಗಳಲ್ಲಿ ಪೆಟ್ಟಿಗೆ ನಿರಪಾಯವಾಗುತ್ತದೆ. ಆದರೆ ಸರಿಯಾಗಿ ಹಾಡುವ ರೇಡಿಯೋವನ್ನು ಬಿಚ್ಚುವವರು ಯಾರು? ಬಿಚ್ಚುವುದು ಕೆಟ್ಟುದನ್ನು. ವಾಲ್ವಿನೊಳಗಿನ ತಂತಿ ಸುಟ್ಟಿರಬಹುದು, ಧ್ವನಿಯ ಟ್ರಾನ್ಸ್‌ಫಾರ್ಮರಿನ ಸುರುಳಿ ಹರಿದಿರಬಹುದು. ಹಾಗಾದಾಗ ಕಂಡೆನ್ಸರು ತುಂಬುತ್ತದೆ, ಕುಡಿಯುವವರು ಮಾತ್ರ ಇಲ್ಲ. ತುಂಬಿದ್ದು ನಿಮಿಷಗಟ್ಟಲೆ, ಕೆಲವೊಮ್ಮೆ ಗಂಟೆಗಟ್ಟಲೆ ಹಾಗೆಯೇ ಕಾದಿರುತ್ತದೆ. ಯಂತ್ರ ಮೂಕವಾಗಿದ್ದಷ್ಟೂ ಅದರ ಹೊಡೆತ ಬಲವಾಗಿರುವ ಸಂಭವ ಹೆಚ್ಚು. ಈ ಮಾತು ಹಳೆಯ ರೇಡಿಯೋಗೆ ಮಾತ್ರ ಅನ್ವಯಿಸುವುದಿಲ್ಲ. ಇಂದಿನ ಹಗುರವಾದ ಸ್ಪೀಕರ್ ಪೆಟ್ಟಿಗೆಗಳಲ್ಲಿಯೂ ಹೋಮ್ ಥಿಯೇಟರುಗಳಲ್ಲಿಯೂ ಮನೆಯ ವಿದ್ಯುತ್ತನ್ನು ನೇರವಾಗಿ ಏಕಮುಖ ಮಾಡಿ 325 ವೋಲ್ಟಿನವರೆಗೆ ಕೂಡಿಡುವ ಕಂಡೆನ್ಸರು ಇರುತ್ತದೆ. ಆ ಭಾಗದ ಟ್ರಾನ್ಸಿಸ್ಟರು ಸುಟ್ಟು, ಫ್ಯೂಸು ಹೋಗದೆ ಉಳಿದಿದ್ದರೆ, ಅಲ್ಲಿಯೂ ಇದೇ ಕಥೆ.

ತಿರುಪುಳಿಯ ತುದಿಯಿಂದ ಎರಡು ಕೊನೆಗಳನ್ನೂ ಮುಟ್ಟಿಸಿ ಚಟೀರೆನ್ನಿಸುವುದು ಪೇಟೆಯಲ್ಲಿ ವಾಡಿಕೆ. ನೋಡುವವರಿಗೆ ಅದು ಶೌರ್ಯದಂತೆ ಕಾಣಬಹುದು. ಕರಗಿದ ಲೋಹದ ಕಿಡಿ ಕಣ್ಣಿಗೆ ಹಾರುತ್ತದೆ, ಕಂಡೆನ್ಸರೂ ಕೆಡುತ್ತದೆ. ಸರಿಯಾದ ಕ್ರಮ ಬೇರೆ. 2200 ಓಮಿನ, 10 ವ್ಯಾಟಿನ ರೆಸಿಸ್ಟರೊಂದಕ್ಕೆ ಚೆನ್ನಾಗಿ ಹೊದಿಕೆಯಿರುವ ಎರಡು ತಂತಿಗಳನ್ನು ಬೆಸೆದು, ತುದಿಗಳಿಗೆ ಹೊದಿಕೆಯುಳ್ಳ ಕ್ಲಿಪ್ಪುಗಳನ್ನು ಹಾಕಿಟ್ಟುಕೊಳ್ಳತಕ್ಕದ್ದು. ಪ್ಲಗ್ಗನ್ನು ಕಿತ್ತ ಮೇಲೆ ಒಂದೇ ಕೈಯಿಂದ, ಒಂದಾದ ಮೇಲೆ ಒಂದರಂತೆ, ಕಂಡೆನ್ಸರಿನದೇ ಎರಡು ಕೊನೆಗಳಿಗೆ ಇವನ್ನು ಸಿಕ್ಕಿಸಬೇಕು. ಹತ್ತು ಎಣಿಸುವಷ್ಟು ಹೊತ್ತು ಬಿಡಬೇಕು. ಅನಂತರ ಮೀಟರಿನಿಂದ ಅಳೆಯಬೇಕು. ಅಳೆಯುವ ಮುನ್ನ ಆ ಮೀಟರನ್ನು ಒಂದು ಬ್ಯಾಟರಿಯ ಮೇಲಿಟ್ಟು ನೋಡತಕ್ಕದ್ದು. ಕೆಟ್ಟ ಮೀಟರೂ ಸೊನ್ನೆಯನ್ನೇ ತೋರಿಸುತ್ತದೆಯಷ್ಟೆ. ಮೀಟರು ಸೊನ್ನೆ ತೋರಿದ ಮೇಲೂ ಕ್ಲಿಪ್ಪುಗಳನ್ನು ತೆಗೆಯದೆ ಬಿಡುವುದು ಲೇಸು. ಒಮ್ಮೆ ಬರಿದಾದ ಕಂಡೆನ್ಸರು, ತನ್ನ ಒಡಲಿನ ಪೊರೆಗಳಲ್ಲಿ ಹೀರಿಕೊಂಡಿದ್ದ ವಿದ್ಯುತ್ತನ್ನು ಮೆಲ್ಲಗೆ ಹೊರಹಾಕಿ ತಾನಾಗಿಯೇ ಸ್ವಲ್ಪ ತುಂಬಿಕೊಳ್ಳುವುದುಂಟು.

ಎರಡನೆಯ ಅಪಾಯ ಚಾಸಿಯದು. ರೇಡಿಯೋದ ಭಾಗಗಳನ್ನೆಲ್ಲ ಕೂರಿಸಿರುವ ಲೋಹದ ತಗಡಿಗೆ ಚಾಸಿ ಎಂದು ಹೆಸರು. ಆ ಕಾಲದಲ್ಲಿ ಎಲ್ಲ ಊರುಗಳಲ್ಲಿಯೂ ಒಂದೇ ಬಗೆಯ ವಿದ್ಯುತ್ತು ಇರಲಿಲ್ಲ. ಲಂಡನ್ನಿನ ಕೆಲವು ಬಡಾವಣೆಗಳಲ್ಲಿ, ನಮ್ಮ ದೇಶದಲ್ಲಿ ಕಲ್ಕತ್ತೆಯ ಕೆಲವು ಭಾಗಗಳಲ್ಲಿ, ಏಕಮುಖ ವಿದ್ಯುತ್ತು ಹರಿಯುತ್ತಿತ್ತು. ಟ್ರಾನ್ಸ್‌ಫಾರ್ಮರು ಏಕಮುಖ ವಿದ್ಯುತ್ತಿನಲ್ಲಿ ಕೆಲಸಮಾಡದು. ಆದುದರಿಂದ ಎರಡು ಬಗೆಯ ವಿದ್ಯುತ್ತಿಗೂ ಒಗ್ಗುವಂತೆ ಟ್ರಾನ್ಸ್‌ಫಾರ್ಮರಿಲ್ಲದ ರೇಡಿಯೋಗಳನ್ನು ಮಾಡಿದರು. ಎ.ಸಿ.-ಡಿ.ಸಿ. ಸೆಟ್ಟು ಎಂದು ಅವನ್ನು ಕರೆಯುತ್ತಿದ್ದರು. ಇವುಗಳಲ್ಲಿ ಮನೆಯ ವಿದ್ಯುತ್ತಿನ ಎರಡು ತಂತಿಗಳಲ್ಲೊಂದು ನೇರವಾಗಿ ಚಾಸಿಗೇ ಸೇರಿರುತ್ತದೆ. ಎರಡು ಕಡ್ಡಿಯ ಪ್ಲಗ್ಗನ್ನು ಒಂದು ಬಗೆಯಲ್ಲಿ ಚುಚ್ಚಿದರೆ ಚಾಸಿ ಸಾಧು. ತಿರುಗಿಸಿ ಚುಚ್ಚಿದರೆ ಇಡೀ ತಗಡಿನ ಮೇಲೆ 230 ವೋಲ್ಟು. ಗುಂಡಿಯನ್ನು ತಿರುಗಿಸಿ ರೇಡಿಯೋವನ್ನು ಆರಿಸಿದರೂ, ವಾಲ್ವುಗಳ ತಂತಿಯ ಸಾಲಿನ ಮೂಲಕ ಹಾಯ್ದು ಚಾಸಿಗೆ ವಿದ್ಯುತ್ತು ಬರುವ ಸಂದರ್ಭಗಳುಂಟು. ಪ್ಲಗ್ಗನ್ನು ಕೀಳುವವರೆಗೆ ಅಂಥ ಸೆಟ್ಟು ಆರಿದೆಯೆಂದು ತಿಳಿಯಕೂಡದು.

ಇದನ್ನು ಗುರುತಿಸುವ ಬಗೆ ಕಷ್ಟವಲ್ಲ. ಪ್ಲಗ್ಗನ್ನು ಗೋಡೆಯಿಂದ ಕಿತ್ತು ಕೈಯಲ್ಲಿ ಹಿಡಿದು, ರೇಡಿಯೋದ ಸ್ವಿಚ್ಚನ್ನು ಹಾಕಿದ ಸ್ಥಿತಿಯಲ್ಲಿಟ್ಟು, ಪ್ಲಗ್ಗಿನ ಒಂದೊಂದು ಕಡ್ಡಿಗೂ ಚಾಸಿಗೂ ನಡುವೆ ಓಮ್ ಮೀಟರಿನಿಂದ ಅಳೆಯಬೇಕು. ಯಾವುದಾದರೊಂದರಲ್ಲಿ ಸೊನ್ನೆಯ ಹತ್ತಿರ ಬಂದರೆ ಅದು ಮೇಲೆ ಹೇಳಿದ ಜಾತಿಯದು. ಒಳಗೆ ಟ್ರಾನ್ಸ್‌ಫಾರ್ಮರು ಕಾಣಿಸಿದ ಮಾತ್ರಕ್ಕೆ ಧೈರ್ಯಪಡಬೇಕಾಗಿಲ್ಲ. ಒಂದೇ ಸುರುಳಿಯ ಆಟೋ ಟ್ರಾನ್ಸ್‌ಫಾರ್ಮರುಳ್ಳ ಸೆಟ್ಟುಗಳಲ್ಲಿಯೂ ಚಾಸಿ ಹೀಗೆಯೇ ಇರುತ್ತದೆ. ಅಂಥ ಚಾಸಿಗೆ ಒಳ್ಳೆಯದಾಗಲೆಂದು ಅರ್ತ್ ತಂತಿಯನ್ನು ಕಟ್ಟುವುದಂತೂ ಎಂದಿಗೂ ಕೂಡದು.

ಈ ಜಾತಿಯ ಸೆಟ್ಟುಗಳ ವಿಷಯದಲ್ಲಿ ಇಂದಿನ ಕಾಲವೇ ತಂದೊಡ್ಡಿರುವ ಹೊಸ ಗಂಡಾಂತರವೊಂದುಂಟು. ಹಳೆಯ ರೇಡಿಯೋಗಳ ಬೆನ್ನಿನಲ್ಲಿ ಗ್ರಾಮೋಫೋನಿನ ಪಿಕಪ್ಪಿಗಾಗಿ ಎರಡು ತೂತುಗಳಿರುತ್ತವೆ. ಜೇಬಿನ ಮೊಬೈಲ್ ಫೋನಿನಿಂದ ಒಂದು ತಂತಿಯನ್ನು ಅಲ್ಲಿಗೆ ಚುಚ್ಚಿ, ಅಜ್ಜನ ಪೆಟ್ಟಿಗೆಯಲ್ಲಿ ವೀಣೆ ಶೇಷಣ್ಣನವರ ಕೃತಿಯನ್ನು ಕೇಳಬಹುದೆಂದು ಉಪಾಯವಂತರು ಹೇಳುತ್ತಾರೆ. ಆಸೆ ಸುಂದರವಾದುದೇ. ಆದರೆ ಎ.ಸಿ.-ಡಿ.ಸಿ. ಸೆಟ್ಟಿನಲ್ಲಿ ಆ ತೂತುಗಳಲ್ಲೊಂದು ಚಾಸಿಗೆ ನೇರವಾಗಿ ಸೇರಿರಬಹುದು. ಅಲ್ಲಿಗೆ ಕೈಯಲ್ಲಿರುವ ಫೋನಿನ ಲೋಹದ ಅಂಚೇ ಮನೆಯ ಲೈವ್ ತಂತಿಯಾಯಿತು! ಏರಿಯಲ್ಲಿನ ಮಾತೂ ಇಂಥದೇ. ಹಜಾರದ ಗೋಡೆಯಿಂದ ಗೋಡೆಗೆ ಕಟ್ಟುತ್ತಿದ್ದ ತಾಮ್ರದ ಜಾಲರಿಯನ್ನು ಚಾಸಿಯಿಂದ ಬೇರ್ಪಡಿಸಿರುವುದು ಒಂದು ಚಿಕ್ಕ ಕಂಡೆನ್ಸರು. ಎಂಬತ್ತು ವರ್ಷ ಹಳೆಯದಾದ ಕಾಗದದ ಕಂಡೆನ್ಸರು ಸೋರದಿರುವುದೇ ಆಶ್ಚರ್ಯ. ಅದು ಸೋರಿದರೆ ಜಾಲರಿಯೂ ಹೊಡೆಯುತ್ತದೆ. ಉಳಿದ ಯಾವ ಭಾಗವನ್ನು ಹಾಗೆಯೇ ಬಿಟ್ಟರೂ ಇದೊಂದನ್ನು ತೆಗೆದು, ವೈ ದರ್ಜೆಯೆಂದು ಗುರುತುಮಾಡಿದ ಹೊಸ ಸುರಕ್ಷಾ ಕಂಡೆನ್ಸರನ್ನು ಹಾಕಬೇಕು.

ಬಹುಕಾಲ ಸುಮ್ಮನಿದ್ದ ಸೆಟ್ಟನ್ನು ಒಮ್ಮೆಲೇ ಗೋಡೆಗೆ ಚುಚ್ಚುವುದು ತರವಲ್ಲ. ಒಣಗಿದ ಕಂಡೆನ್ಸರುಗಳು ಸಿಡಿಯುತ್ತವೆ. ನಮ್ಮ ರಿಪೇರಿಗಾರರು ಸೀರೀಸ್ ಬಲ್ಬಿನ ಮೂಲಕ ವಿದ್ಯುತ್ತನ್ನು ಕೊಡುತ್ತಿದ್ದುದು ಇದಕ್ಕಾಗಿಯೇ. ತಂತಿಯುಳ್ಳ ಹಳೆಯ ಬಗೆಯ 60 ವ್ಯಾಟಿನ ಬಲ್ಬು ಬೇಕು, ಎಲ್.ಇ.ಡಿ. ಬಲ್ಬು ಕೆಲಸಕ್ಕೆ ಬಾರದು. ಒಳಗೆ ಷಾರ್ಟ್ ಇದ್ದರೆ ಬಲ್ಬು ಪೂರ್ತಿಯಾಗಿ ಉರಿದು ತಿಳಿಸುತ್ತದೆ. ಆದರೆ ಬಲ್ಬು ಸೆಟ್ಟನ್ನು ಕಾಯುತ್ತದೆ, ಮನುಷ್ಯನನ್ನು ಕಾಯುವುದಿಲ್ಲ. ಮನುಷ್ಯನನ್ನು ಕಾಯಲು ಎರಡು ಬೇರೆಬೇರೆ ಸುರುಳಿಗಳುಳ್ಳ ಐಸೊಲೇಷನ್ ಟ್ರಾನ್ಸ್‌ಫಾರ್ಮರು ಬೇಕು. ಪೇಟೆಯಲ್ಲಿ ಸಿಗುವ ವೇರಿಯಾಕ್, ಸ್ಟೆಬಿಲೈಸರ್ ಮೊದಲಾದುವು ಸಾಮಾನ್ಯವಾಗಿ ಒಂದೇ ಸುರುಳಿಯವು. ಇವು ಅದಕ್ಕೆ ಸಮನಲ್ಲ. ಐಸೊಲೇಷನ್ ಇದ್ದರೂ ಎರಡು ಕೈಗಳಿಂದ ಎರಡು ಕಡೆ ಮುಟ್ಟಿದವನಿಗೆ ರಕ್ಷಣೆಯಿಲ್ಲ. ಕಂಡೆನ್ಸರಿನ ಎರಡು ಕೊನೆಗಳ ನಡುವೆ ಸಿಕ್ಕಿಕೊಂಡವನನ್ನು ಆರ್.ಸಿ.ಸಿ.ಬಿ.ಯೂ ಕಾಣದು.

ಆದುದರಿಂದಲೇ, ನಮ್ಮ ಪೇಟೆಯ ಒಬ್ಬ ವೃದ್ಧ ರಿಪೇರಿಗಾರರು ಸೆಟ್ಟು ಉರಿಯುತ್ತಿರುವಾಗ ಎಡಗೈಯನ್ನು ಯಾವಾಗಲೂ ಬೆನ್ನ ಹಿಂದೆ ಇಟ್ಟುಕೊಂಡಿರುತ್ತಿದ್ದರು. ನೋಡುವವರು ಅದನ್ನು ಗತ್ತು ಎಂದುಕೊಳ್ಳುತ್ತಿದ್ದರು. ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುವ ದಾರಿಯಲ್ಲಿ ಹೃದಯವಿದೆಯೆಂಬುದು ಅವರಿಗೆ ಗೊತ್ತಿತ್ತು. ಬರಿಗಾಲಿನಲ್ಲಿ ಸಿಮೆಂಟಿನ ನೆಲದ ಮೇಲೆ ನಿಲ್ಲುವುದು, ಕೈಯಲ್ಲಿ ಉಂಗುರ, ಬಳೆ, ಲೋಹದ ಗಡಿಯಾರ ಇರುವುದು, ಇವನ್ನೆಲ್ಲ ಅವರು ಹುಡುಗರಿಗೆ ಗದರಿಸಿ ಬಿಡಿಸುತ್ತಿದ್ದರು. ಒಣ ಹಲಗೆ, ರಬ್ಬರಿನ ಚಪ್ಪಲಿ, ಹತ್ತಿರದಲ್ಲಿ ಮೆಯ್ನ್ ಸ್ವಿಚ್ಚು ಎಲ್ಲಿದೆಯೆಂದು ಬಲ್ಲ ಇನ್ನೊಬ್ಬ ಮನುಷ್ಯ, ಇಷ್ಟು ಇಲ್ಲದೆ ಅವರ ಅಂಗಡಿಯಲ್ಲಿ ಉರಿಯುವ ಸೆಟ್ಟಿಗೆ ಯಾರೂ ಕೈಹಾಕುವಂತಿರಲಿಲ್ಲ.

ಆ ಇನ್ನೊಬ್ಬರಿಗೂ ಒಂದು ಮಾತು. ಷಾಕಿಗೆ ಸಿಕ್ಕಿದವನನ್ನು ಬರಿಗೈಯಿಂದ ಎಳೆಯಹೋಗಬಾರದು. ಮೊದಲು ಮೆಯ್ನ್ ಸ್ವಿಚ್ಚು. ಅದು ಸಿಕ್ಕದಿದ್ದರೆ ಒಣಗಿದ ಮರದ ಕೋಲಿನಿಂದ ತಂತಿಯನ್ನು ಬಿಡಿಸಬೇಕು. ಉಸಿರಿಲ್ಲದಿದ್ದರೆ ಎದೆಯ ನಡುವೆ ಎರಡು ಅಂಗೈಗಳನ್ನು ಒಂದರ ಮೇಲೊಂದಿಟ್ಟು ನಿಮಿಷಕ್ಕೆ ನೂರರಿಂದ ನೂರಿಪ್ಪತ್ತರಂತೆ ಗಟ್ಟಿಯಾಗಿ ಒತ್ತುತ್ತಾ, 108 ಅಥವಾ 112ಕ್ಕೆ ಮತ್ತೊಬ್ಬರಿಂದ ಕರೆಮಾಡಿಸಬೇಕು. ಆತ ಎದ್ದು ಕುಳಿತು ಏನೂ ಆಗಿಲ್ಲವೆಂದರೂ ವೈದ್ಯರಿಗೆ ತೋರಿಸತಕ್ಕದ್ದು.

ಕೊನೆಗೆ, ಕೆಲಸ ಮುಗಿದು ಸೆಟ್ಟು ಹಾಡಿದ ಸಂತೋಷದಲ್ಲಿ ಹಲವರು ಮರೆಯುವ ಸಂಗತಿ. ಬೆನ್ನಿನ ಹಲಗೆಯನ್ನು ತಪ್ಪದೆ ಹಾಕಿ ತಿರುಪು ಬಿಗಿಯಬೇಕು. ಮುಂದಿನ ಗುಂಡಿಗಳನ್ನು ಹಿಡಿದಿರುವ ಪುಟ್ಟ ತಿರುಪುಗಳು ಚಾಸಿಗೆ ಸೇರಿದ ಲೋಹದ ಕಡ್ಡಿಯನ್ನು ಮುಟ್ಟಿಕೊಂಡೇ ಇರುತ್ತವೆ. ಹಿಂದಿನ ಕಾಲದಲ್ಲಿ ಆ ತೂತುಗಳಿಗೆ ಮೇಣವನ್ನು ತುಂಬುತ್ತಿದ್ದರು. ಮೇಣ ಉದುರಿಹೋಗಿದ್ದರೆ ಹೊಸದಾಗಿ ತುಂಬಿ, ಬಿರುಕು ಬಿಟ್ಟ ಗುಂಡಿಯಿದ್ದರೆ ಬೇರೆಯದನ್ನು ಹಾಕಿ, ಆಮೇಲೆ ಪೆಟ್ಟಿಗೆಯನ್ನು ಮಕ್ಕಳ ಕೈಗೆ ಎಟುಕುವ ಕಡೆ ಇಡಬಹುದು.