ಅಂಕಿಗಳ ಹಾರ: ಮಹಾವೀರಾಚಾರ್ಯರ ಒಂದು ಲೆಕ್ಕ



ಹಾವೇರಿ ಏಲಕ್ಕಿ ಹಾರಕ್ಕೆ ಹೆಸರಾದ ಊರು. ಅದರ ನೆರೆಯ ಅಗಡಿಯಲ್ಲಿ ಇನ್ನೊಂದು ಬಗೆಯ ಹಾರದ ಮಾತು ಬಂದರೆ ಅಸಂಗತವಾಗದು. ಅದು ಅಂಕಿಗಳ ಹಾರ. ಪೋಣಿಸಿದವರು ಒಂಬತ್ತನೆಯ ಶತಮಾನದ ಜೈನ ಗಣಿತಜ್ಞ ಮಹಾವೀರಾಚಾರ್ಯರು.

ಆಗ ಈ ನಾಡು ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿತ್ತು. ಬಂಕಾಪುರಕ್ಕೆ ಹೆಸರು ತಂದ ಬಂಕೇಯ ಅವನ ಸೇನಾನಿ. ಅದೇ ಅರಸನನ್ನು ಹೊಗಳಿ ಆರಂಭವಾಗುವ ಸಂಸ್ಕೃತ ಗ್ರಂಥ ಮಹಾವೀರರ 'ಗಣಿತಸಾರಸಂಗ್ರಹ'. ಗುಣಲಬ್ಧದ ಅಂಕಿಗಳು ಕೊರಳಹಾರದಂತೆ ಎರಡೂ ಕಡೆ ಸಮನಾಗಿ ನಿಲ್ಲುವ ಹಲವು ಲೆಕ್ಕಗಳು ಅದರಲ್ಲಿವೆ. ಒಂದನ್ನು ನೋಡಿ:

27994681 × 441 = 12345654321

ಒಂದರಿಂದ ಆರರವರೆಗೆ ಏರಿ, ಮತ್ತೆ ಒಂದಕ್ಕೆ ಇಳಿಯುವ ಸಂಖ್ಯೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇದೇನು ಪವಾಡವೇ? ಅಲ್ಲ.

ಇದು 111111ರ ವರ್ಗ. ಆರು ಒಂದುಗಳನ್ನು ಅಷ್ಟರಿಂದಲೇ ಗುಣಿಸುವಾಗ ಆರು ಸಾಲು ಬರೆಯುತ್ತೇವೆ. ಪ್ರತಿ ಸಾಲನ್ನೂ ಒಂದೊಂದು ಸ್ಥಾನ ಎಡಕ್ಕೆ ಸರಿಸುತ್ತೇವೆ. ಕೂಡಿಸುವಾಗ ಮೊದಲ ಕಂಬಸಾಲಿನಲ್ಲಿ ಒಂದು 'ಒಂದು', ಮುಂದಿನದರಲ್ಲಿ ಎರಡು, ನಡುವೆ ಆರು, ಆಮೇಲೆ ಇಳಿಕೆ. ಇನ್ನು ಆ ಎರಡು ಗುಣಕಗಳ ಗುಟ್ಟು. 111111 ಎಂದರೆ 3 × 7 × 11 × 13 × 37. ಮೊದಲೆರಡರ ಗುಣಲಬ್ಧ 21, ಅದರ ವರ್ಗ 441. ಉಳಿದ ಮೂರರ ಗುಣಲಬ್ಧ 5291, ಅದರ ವರ್ಗ 27994681.

ಹಾರವನ್ನು ಎಷ್ಟು ಉದ್ದ ಮಾಡಬಹುದು? ಒಂಬತ್ತು ಒಂದುಗಳ ವರ್ಗ 12345678987654321. ಹತ್ತು ಒಂದುಗಳ ವರ್ಗವೋ 1234567900987654321. ನಡುವಿನ ಮೊತ್ತ ಹತ್ತಾದೊಡನೆ ದಶಕ ಪಕ್ಕದ ಸ್ಥಾನಕ್ಕೆ ಹೋಗುತ್ತದೆ, ಹಾರ ಹರಿಯುತ್ತದೆ. ಹಾಗಾಗಿ ಈ ಚೆಲುವು ಹತ್ತರ ಸ್ಥಾನಪದ್ಧತಿಯಲ್ಲಿ ಬರೆಯುವುದರಿಂದ ಬಂದದ್ದು. ಆ ಸ್ಥಾನಗಳಿಗೆ ಏಕದಿಂದ ಮಹಾಕ್ಷೋಭದವರೆಗೆ 24 ಹೆಸರು ಹೇಳಿದವರೂ ಮಹಾವೀರರೇ.

ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಲ್ಲಿ ಈ ಗ್ರಂಥವನ್ನು ಇಂಗ್ಲಿಷ್ ಅನುವಾದದೊಡನೆ ಅಚ್ಚುಹಾಕಿಸಿದರು. ಪದ್ಮಾವತಮ್ಮನವರ ಕನ್ನಡ ಅನುವಾದ 2000ರಲ್ಲಿ ಹೊಂಬುಜದಿಂದ ಬಂತು. ಪುಸ್ತಕ ಕೈಗೆಟಕುವಂತಿದ್ದರೂ 'ನಮ್ಮವರು ಎಲ್ಲವನ್ನೂ ಬಲ್ಲವರಾಗಿದ್ದರು' ಎಂಬ ಮಾತು ವೇದಿಕೆಗಳಲ್ಲಿ ಕೇಳಿಬರುವಷ್ಟು, ಅವರು ಮಾಡಿದ ಲೆಕ್ಕ ಮನೆಗಳಲ್ಲಿ ನಡೆಯುವುದಿಲ್ಲ. ಲೆಕ್ಕವನ್ನು ಮಾಡಿ ನೋಡದೆ ಪಡುವ ಹೆಮ್ಮೆ ಸಾಲದ ಒಡವೆಯಂತೆ. ಗುಣಾಕಾರ ಕಲಿತ ಮಗುವಿಗೆ ಈ ಆರು ಸಾಲುಗಳನ್ನು ಬರೆಯಲು ಕೊಡಿ, 'ಹೀಗೇಕೆ?' ಎಂದು ಅದು ಕೇಳಿದರೆ ಮಹಾವೀರಾಚಾರ್ಯರಿಗೆ ಅದಕ್ಕಿಂತ ದೊಡ್ಡ ಗೌರವ ಬೇರಿಲ್ಲ.