ಹಿಪ್ಪುನೇರಳೆ ಮರವೂ ಕಡಸಲಿನ ಕೆಲಸವೂ



ಬೆಂಗಳೂರು–ಮೈಸೂರು ರಸ್ತೆಯಲ್ಲಿ ರಾಮನಗರ, ಚನ್ನಪಟ್ಟಣ ಎರಡೂ ಅಕ್ಕಪಕ್ಕದ ಊರುಗಳು. ಒಂದರಲ್ಲಿ ರೇಷ್ಮೆಗೂಡಿನ ದೊಡ್ಡ ಮಾರುಕಟ್ಟೆ, ಇನ್ನೊಂದರಲ್ಲಿ ಲೇತಿನ ಮೇಲೆ ಕಡೆದ ಅರಗಿನ ಬೊಂಬೆ. ಎರಡು ಕಸುಬಿನವರೂ ತಮ್ಮ ಮೂಲವನ್ನು ಟಿಪ್ಪು ಸುಲ್ತಾನನ ಕಾಲಕ್ಕೆ ಒಯ್ಯುತ್ತಾರೆ. ಸುತ್ತಮುತ್ತಲ ಹೊಲಗಳಲ್ಲೆಲ್ಲ ಹಿಪ್ಪುನೇರಳೆ. ಹೀಗಿದ್ದೂ ಆ ಮರ ಚನ್ನಪಟ್ಟಣದ ಲೇತಿಗೆ ಒಗ್ಗಿದ ಮರವಾಗಲಿಲ್ಲ. ಯಾಕೆ ಎಂಬುದನ್ನು ಹುಡುಕಿಕೊಂಡು ಹೋದರೆ ಎರಡು ದೊಡ್ಡ ಚರಿತ್ರೆಗಳು ಒಟ್ಟಿಗೆ ತೆರೆದುಕೊಳ್ಳುತ್ತವೆ.

ಮೊದಲು ಯಂತ್ರದ ಮಾತು. ನಮಗೆ ಸಿಕ್ಕಿರುವ ಲೇತಿನ ಅತಿ ಹಳೆಯ ಚಿತ್ರ ಈಜಿಪ್ಟಿನ ಪೆಟೊಸಿರಿಸ್ ಎಂಬ ಅರ್ಚಕನ ಗೋರಿಯಲ್ಲಿದೆ. ಕ್ರಿಸ್ತಪೂರ್ವ 300ರ ಆಸುಪಾಸಿನದು. ಇಬ್ಬರು ಕೆಲಸಗಾರರು, ಒಬ್ಬ ಮರಕ್ಕೆ ಸುತ್ತಿದ ಹಗ್ಗವನ್ನು ಅತ್ತಿತ್ತ ಎಳೆಯುತ್ತಾನೆ, ಇನ್ನೊಬ್ಬ ಉಳಿ ಹಿಡಿದಿದ್ದಾನೆ. ನಮ್ಮ ಅಜ್ಜಿಯರು ಕಂಬಕ್ಕೆ ಕಡೆಗೋಲು ಕಟ್ಟಿ, ಹಗ್ಗದ ಎರಡು ತುದಿ ಹಿಡಿದು ಮಜ್ಜಿಗೆ ಕಡೆಯುತ್ತಿದ್ದರಲ್ಲ, ಅದೇ ಚಲನೆ ಇದು. ಕೋಲು ಒಮ್ಮೆ ಮುಂದಕ್ಕೆ ತಿರುಗುತ್ತದೆ, ಒಮ್ಮೆ ಹಿಂದಕ್ಕೆ. ಮರ ತನ್ನತ್ತ ತಿರುಗಿದಾಗ ಮಾತ್ರ ಉಳಿ ತಾಗಿಸಬೇಕು, ಹಿಂದೆ ತಿರುಗುವಾಗ ಉಳಿಯನ್ನು ಎತ್ತಿಕೊಳ್ಳಬೇಕು. ಭಾರತದ ಬಿಲ್ಲಿನ ಲೇತಿಗೆ ಹಗ್ಗ ಎಳೆಯುವ ಎರಡನೆಯ ಆಳೂ ಬೇಡ. ಕಡೆಯುವವನು ನೆಲದ ಮೇಲೆ ಕೂತು, ಬಲಗೈಯಿಂದ ಬಿಲ್ಲನ್ನು ಆಡಿಸುತ್ತಾನೆ. ಉಳಿಯ ಹಿಡಿ ಎಡಗೈಯಲ್ಲಿ, ಅದರ ಮೊನೆಗೆ ಆಸರೆ ಕಾಲ್ಬೆರಳು. ಇಡೀ ಮೈ ಕೆಲಸಕ್ಕೆ ಬೀಳುವ ಈ ಪದ್ಧತಿಯನ್ನು ಕಂಡವರಿಗೆ, ಆ ಕಾಲ್ಬೆರಳಿನ ನಯಗಾರಿಕೆ ಮರೆಯುವಂಥದ್ದಲ್ಲ.

ಕಡೆಯುವ ವಿದ್ಯೆ ಕನ್ನಡ ನಾಡಿನಲ್ಲಿ ಟಿಪ್ಪುವಿಗಿಂತ ಬಹಳ ಹಳೆಯದು ಎಂಬುದಕ್ಕೆ ಸಾಕ್ಷಿ ಮರದಲ್ಲಿಲ್ಲ, ಕಲ್ಲಿನಲ್ಲಿದೆ. 1112ರ ಇಟಗಿಯ ಮಹಾದೇವ ದೇವಾಲಯ, 1117ರ ಬೇಲೂರಿನ ಚೆನ್ನಕೇಶವ ದೇವಾಲಯ ಇವುಗಳ ಒಳಗೆ ನಿಂತು ಕಂಬಗಳನ್ನು ನೋಡಿ. ಬಳೆ ಬಳೆಯಾಗಿ ಸುತ್ತುವ ಗೆರೆಗಳು, ಗಂಟೆಯಾಕಾರದ ಉಬ್ಬು, ಚಾಕುವಿನಂಚಿನಷ್ಟು ತೆಳುವಾದ ಏಣು. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಬಿದ್ದಂತೆ ಗಟ್ಟಿ. ಮೆದುವಾಗಿರುವಾಗಲೇ ತಿರುಗಿಸಿ ಕಡೆದರು ಎಂಬುದು ವಿದ್ವಾಂಸರ ಅಭಿಪ್ರಾಯ. ಟನ್ನುಗಟ್ಟಲೆ ಭಾರದ ಕಲ್ಲನ್ನು ಹಾಗೆ ತಿರುಗಿಸಿದ ಜನ ಮರವನ್ನು ಕಡೆಯದೆ ಬಿಟ್ಟಿರಲಾರರು. ಮರದ ಕೆಲಸ ಗೆದ್ದಲಿಗೂ ಒಲೆಗೂ ಹೋಯಿತು, ಕಲ್ಲು ಉಳಿಯಿತು.

ಚನ್ನಪಟ್ಟಣಕ್ಕೆ ಬರೋಣ. ಟಿಪ್ಪು ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿ ಅರಗಿನ ಕೆಲಸ ಕಲಿಸಿದ ಎಂಬುದು ಊರಿನವರು ತಲೆಮಾರುಗಳಿಂದ ಹೇಳಿಕೊಂಡು ಬಂದ ಮಾತು. 1800ರಲ್ಲಿ ಈ ದಾರಿಯಲ್ಲಿ ಹಾದುಹೋದ ಫ್ರಾನ್ಸಿಸ್ ಬುಕನನ್ ಇಲ್ಲಿ ಗಾಜಿನ ಕೆಲಸವನ್ನೂ ವಾದ್ಯಗಳಿಗೆ ಬಳಸುವ ಉಕ್ಕಿನ ತಂತಿಯನ್ನೂ ಕಂಡು ಬರೆದಿದ್ದಾನೆ. ಅಂದರೆ ಆಗಲೇ ಇದು ಕೈಗೆಲಸದ ಊರು. 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಬಾವಾಸ್ ಮಿಯಾನ್ ಎಂಬವರು ಜಪಾನಿನ ಮಾದರಿಗಳನ್ನು ತಂದು ಇಲ್ಲಿನ ಕಡೆತಕ್ಕೆ ಹೊಸ ದಾರಿ ತೋರಿಸಿದರೆಂದು ಊರು ಇಂದಿಗೂ ಅವರನ್ನು ನೆನೆಯುತ್ತದೆ.

ಇಲ್ಲಿಯವರು ಆರಿಸಿಕೊಂಡದ್ದು ಹಾಲೆ ಮರ. ಬಿಳುಪು, ಮೆದು, ಎಳೆ ಸಣ್ಣದು. ಮರ ವೇಗವಾಗಿ ತಿರುಗುತ್ತಿರುವಾಗ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ತಿಕ್ಕಾಟದ ಬಿಸಿಗೆ ಅರಗು ಕರಗಿ ಅಂಟುತ್ತದೆ. ಮೇಲೆ ಕೇದಗೆಯ ಗರಿ ಒತ್ತಿದರೆ ಹೊಳಪು. ಕೆಂಪು ಕೆಂಪಾಗಿ, ಹಳದಿ ಹಳದಿಯಾಗಿ ಕಾಣಬೇಕಾದರೆ ಕೆಳಗಿನ ಮರ ಬಿಳಿಯಾಗಿರಬೇಕು. ಹಿಪ್ಪುನೇರಳೆಯ ಗುಣ ಇದಕ್ಕೆ ವಿರುದ್ಧ. ಅದರ ಹೊರಗಿನ ಬಿಳಿ ಪದರ ತೆಳ್ಳಗೆ. ಒಳಗಿನ ತಿರುಳು ಕೊಯ್ದ ಕೂಡಲೇ ಅರಿಸಿನದಂತೆ ಹಳದಿ. ಎಳೆ ದಪ್ಪ, ವರ್ಷದ ಬಳೆಗಳು ಎದ್ದು ಕಾಣುವಂಥವು. ಬಣ್ಣ ಮೆತ್ತಿ ಅದನ್ನು ಮುಚ್ಚಿಬಿಟ್ಟರೆ ಮರಕ್ಕೇ ಅನ್ಯಾಯ.

ಆದರೆ ಮುಖ್ಯ ಕಾರಣ ಹೊಲದಲ್ಲಿದೆ. ರೇಷ್ಮೆಹುಳ ತರಲು ಬಂಗಾಳಕ್ಕೆ ಹೋದವರು ಮರಳಿ ಬರುತ್ತಿದ್ದಾರೆ, ಹುಳ ಸಾಕಲು ಜಾಗ ಸಿದ್ಧ ಮಾಡಿ ಎಂದು ಟಿಪ್ಪು 1786ರಲ್ಲಿ ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಬರೆದ ಪತ್ರ ಉಳಿದಿದೆ. ಮುಂದೆ 1866ರಲ್ಲಿ ಡಿ ವೆಕ್ಕಿ ಎಂಬ ಇಟಲಿಯವನು ಕೆಂಗೇರಿಯಲ್ಲಿ ನೂಲು ಬಿಚ್ಚುವ ಕಾರ್ಖಾನೆ ತೆರೆದ. 1896ರ ಹೊತ್ತಿಗೆ ಜಮ್‌ಶೇಟ್‌ಜಿ ಟಾಟಾ ಬೆಂಗಳೂರಿನಲ್ಲಿ ಜಪಾನಿ ತಜ್ಞರನ್ನಿಟ್ಟು ರೇಷ್ಮೆ ತೋಟ ಮಾಡಿದರು. ಇವರೆಲ್ಲರ ಕಣ್ಣು ಹುಳಕ್ಕೆ ಮೇವಾದ ಹಿಪ್ಪುನೇರಳೆ ಸೊಪ್ಪಿನ ಮೇಲೆ. ವರ್ಷಕ್ಕೆ ಹಲವು ಬೆಳೆ ತೆಗೆಯುವ ನಮ್ಮ ರೈತ ಗಿಡವನ್ನು ಬುಡಕ್ಕೆ ಕತ್ತರಿಸುತ್ತಾನೆ, ಅದು ಮತ್ತೆ ಚಿಗುರುತ್ತದೆ. ಅವನ ಮಾತಿನಲ್ಲೇ ಅದು ಕಡ್ಡಿ ತೋಟ. ಕಾಂಡ ಕಡೆಯುವಷ್ಟು ದಪ್ಪವಾಗುವ ಪ್ರಶ್ನೆಯೇ ಇಲ್ಲ.

ಮರವಾಗಿ ಬೆಳೆಯಲು ಬಿಟ್ಟ ಕಡೆ ಹಿಪ್ಪುನೇರಳೆಯ ಹಣೆಬರಹ ಬೇರೆ. ಕಾಶ್ಮೀರದ ರಬಾಬ್ ವಾದ್ಯದ ಒಡಲನ್ನು ಅದರ ದಿಮ್ಮಿಯಲ್ಲಿ ತೋಡುತ್ತಾರೆ. ಇರಾನಿನ ತಾರ್, ಸೇತಾರ್ ವಾದ್ಯಗಳಿಗೂ ಅದೇ ಮರ. ಜಪಾನಿನಲ್ಲಿ ಮಿಕುರಾ ದ್ವೀಪದ ಹಿಪ್ಪುನೇರಳೆ ಪೆಟ್ಟಿಗೆ, ಕಪಾಟುಗಳ ಕುಸುರಿಗೆ ಹೆಸರಾದದ್ದು. ಚಹಾ ಪುಡಿ ಇಡುವ ಭರಣಿಗಳನ್ನೂ ಈ ಮರದಲ್ಲಿ ಕಡೆಯುತ್ತಾರೆ. ಲಾಹೋರಿನ ಹತ್ತಿರದ ಛಾಂಗಾ ಮಾಂಗಾ ಕಾಡಿನದು ಇನ್ನೂ ಸ್ವಾರಸ್ಯದ ಕಥೆ. ರೈಲು ಎಂಜಿನ್ನಿಗೆ ಸೌದೆ ಬೇಕೆಂದು ಬ್ರಿಟಿಷರು 1866ರಲ್ಲಿ ಕಾಲುವೆ ನೀರು ಹಾಯಿಸಿ ಬೀಟೆಯ ಜಾತಿಯ ಶೀಶಮ್ ನೆಟ್ಟರು. ಹಿಪ್ಪುನೇರಳೆಯನ್ನು ಯಾರೂ ನೆಡಲಿಲ್ಲ. ಬೀಜ ಕಾಲುವೆ ನೀರಿನಲ್ಲಿ ತೇಲಿ ಬಂದು ತಾನಾಗಿ ಬೆಳೆಯಿತು. ಸಿಯಾಲ್‌ಕೋಟಿನ ಹಾಕಿ ಸ್ಟಿಕ್ಕಿನ ಉದ್ಯಮಕ್ಕೆ ಆಸರೆಯಾದದ್ದು ಆ ಮರ. ಆವಿಯಲ್ಲಿ ಬೇಯಿಸಿದರೆ ಬಿರಿಯದೆ ಬಾಗುತ್ತದೆ, ಪೆಟ್ಟು ತಾಳುತ್ತದೆ. ಜಲಂಧರ, ಮೀರತ್‌ಗಳಲ್ಲೂ ಇದೇ ಮರದ ಸ್ಟಿಕ್ಕು ತಯಾರಾಯಿತು. ಹಾಕಿಯೇ ಉಸಿರಾದ ಕೊಡಗಿನ ಮೈದಾನಗಳಿಗೆ ಉತ್ತರದ ಹಿಪ್ಪುನೇರಳೆ ಬಂತು. ನಮ್ಮದೇ ಹಿಪ್ಪುನೇರಳೆಯ ಕೊರಡು ಒಲೆಗೆ ಹೋಯಿತು.

ಈಗ ಕಾಲ ಕೊಂಚ ಬದಲಾಗಿದೆ. ನೀರು ಕಡಿಮೆಯಾದ ಕೋಲಾರ, ಚಿಕ್ಕಬಳ್ಳಾಪುರದ ಕಡೆ ರೈತರು ಅಂತರ ಬಿಟ್ಟು ನೆಟ್ಟು, ಹಿಪ್ಪುನೇರಳೆಯನ್ನು ಮರವಾಗಿ ಬೆಳೆಸುತ್ತಿದ್ದಾರೆ. ಮರಕಡ್ಡಿ ಅಂತಾರೆ. ಬೇರು ಆಳಕ್ಕೆ ಇಳಿಯುವುದರಿಂದ ಬರ ತಡೆಯುತ್ತದೆ. ಸೊಪ್ಪಿಗಾಗಿ ರೆಂಬೆ ಸವರಿದರೂ ಬುಡ ದಪ್ಪವಾಗುತ್ತಲೇ ಹೋಗುತ್ತದೆ. ಇಂಥ ತೋಟ ಮುದಿಯಾದಾಗ ಸಿಗುವ ಕೊರಡು ಕಡಸಲಿಗೆ ಹೇಳಿ ಮಾಡಿಸಿದ ಹಾಗಿದೆ.

ಕೆಲಸಕ್ಕೆ ಕೈಹಾಕುವವರಿಗೆ ಎರಡು ಮಾತು. ಹಸಿ ಮರವನ್ನು ಸಲೀಸಾಗಿ ಕಡೆಯಬಹುದು, ಆದರೆ ಅದು ಒಣಗುವಾಗ ಸೀಳುತ್ತದೆ. ಕಡಿದ ದಿನವೇ ದಿಮ್ಮಿಯ ಎರಡು ತುದಿಗೂ ಮೇಣ ಬಳಿಯಿರಿ. ನಡುಗೊರಡಿನ ಬೆಂಡು ಬಟ್ಟಲೊಳಗೆ ಉಳಿಯದಂತೆ ಉದ್ದಕ್ಕೆ ಇಬ್ಭಾಗ ಮಾಡಿ. ಮೊದಲು ದಪ್ಪವಾಗಿ ಕಡೆದಿಡಿ; ಹತ್ತು ಅಂಗುಲದ ಬಟ್ಟಲಿಗೆ ಒಂದು ಅಂಗುಲದ ಗೋಡೆ ಇರಲಿ. ನೆರಳಿನಲ್ಲಿ ಕೆಲವು ತಿಂಗಳು ಒಣಗಿ ಸೊಟ್ಟಗಾದ ಮೇಲೆ ಮತ್ತೆ ಲೇತಿಗೇರಿಸಿ ದುಂಡಗೆ ಮಾಡಿ. ಮೂಗಿಗೆ ಬಟ್ಟೆ ಕಟ್ಟಿ, ಧೂಳು ಒಳ್ಳೆಯದಲ್ಲ. ಅರಗು ಹಾಕುವುದಾದರೆ ಬಣ್ಣವಿಲ್ಲದ್ದು ಸಾಕು. ಬೆಳಕು ಬಿದ್ದಂತೆಲ್ಲ ಆ ಹಳದಿ ಜೇನಿನ ಬಣ್ಣಕ್ಕೆ, ವರ್ಷಗಳು ಕಳೆದಂತೆ ಕೆಂಗಂದಿಗೆ ತಿರುಗುತ್ತದೆ. ಅದು ಮರದ ಸ್ವಭಾವ, ತಡೆಯಲಾಗದು. ನನಗಂತೂ ಈ ಮರದ ಸೊಗಸೆಲ್ಲ ಅದರಲ್ಲೇ ಇದೆ.

ಚನ್ನಪಟ್ಟಣದ ಬೊಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ, ಕೈಗಳಿಗೆ ವಿದ್ಯೆಯಿದೆ. ರೇಷ್ಮೆ ರೈತರ ಹತ್ತಿರ ಮರವಿದೆ. ಆದ್ದರಿಂದ ತೋಟ ಕೀಳಿಸುವ ರೈತ ಬಂಧುಗಳಲ್ಲಿ ನನ್ನ ಕೋರಿಕೆ: ಹಳೆಯ ಮರಕಡ್ಡಿಯ ಬುಡವನ್ನು ಸೌದೆಗೆ ಸೀಳುವ ಮೊದಲು ಚನ್ನಪಟ್ಟಣದ ಒಬ್ಬ ಕಡಸಲು ಕೆಲಸದವರಿಗೆ ತೋರಿಸಿ. ಕೆಲಸದವರಲ್ಲೂ ಒಂದು ಮಾತು: ಆ ಕೊರಡನ್ನು ಕೊಳ್ಳಿ, ಬಣ್ಣ ಹಚ್ಚದೆ ಒಂದು ಬಟ್ಟಲು ಕಡೆದು ಅಂಗಡಿಯಲ್ಲಿಡಿ.