ಧರೆಯ ಕೆಳಗಿನ ಮನೆ
(ಮಳೆಗಾಲಕ್ಕೆ ಮುಂಚಿನ ಸಮಾಲೋಚನಾ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲಗಳ ಚಿತ್ರಗಳನ್ನು ಪತ್ರಿಕೆಗಳಲ್ಲಿ ಕಂಡಾಗ ಗುಡ್ಡ ಕುಸಿತವು ಕೊಡಗಿನ ಸಂಕಟವೆಂದೇ ಹಲವರು ಭಾವಿಸಿದ್ದರು. 2021ರ ಜುಲೈಯಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯ ಅಡಿಕೆ ತೋಟಗಳು ಮಣ್ಣುಪಾಲಾದವು. ಮರುವರ್ಷ ಆಗಸ್ಟ್ ಆರಂಭದಲ್ಲಿ ಭಟ್ಕಳದ ಮುಟ್ಟಳ್ಳಿಯಲ್ಲಿ ಮನೆಯ ಮೇಲೆ ಗುಡ್ಡ ಜರಿದು ನಾಲ್ವರು ಅಸುನೀಗಿದರು. 2024ರ ಜುಲೈ 16ರಂದು ಅಂಕೋಲೆಯ ಶಿರೂರು; ಅದೇ ತಿಂಗಳ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ. ಪಂಚಾಂಗದ ಭಾಷೆಯಲ್ಲಿ ಹೇಳುವುದಾದರೆ, ಹೆಚ್ಚುಕಡಿಮೆ ಇವೆಲ್ಲವೂ ಪುನರ್ವಸುವಿನಿಂದ ಆಶ್ಲೇಷದವರೆಗಿನ ಆರು ವಾರಗಳ ಒಳಗೆ ಸಂಭವಿಸಿವೆ. ಆ ಆರು ವಾರಗಳು ನಮ್ಮ ಊರಿಗೂ ಪ್ರತಿವರ್ಷ ಬರುತ್ತವೆ.

ಶಿರೂರಿನಲ್ಲಿ ಕುಸಿದದ್ದು ಹೆದ್ದಾರಿಯ ಅಗಲೀಕರಣಕ್ಕಾಗಿ ಕಡಿದ ಗುಡ್ಡ. ಅಂಥ ಕಾಮಗಾರಿಗಳ ವಿರುದ್ಧ ನಾವು ಎತ್ತಿರುವ ಧ್ವನಿ ತಗ್ಗಬೇಕಾಗಿಲ್ಲ. ಆದರೆ ಹೆದ್ದಾರಿಯ ಗುಡ್ಡವನ್ನು ಕಡಿದ ಯಂತ್ರವೇ ಈಗ ಗಂಟೆಯ ಬಾಡಿಗೆಗೆ ನಮ್ಮ ಹಿತ್ತಲಿಗೂ ಬರುತ್ತಿದೆ. ಅಡಿಕೆ ಒಣಗಿಸಲು ಅಂಗಳ ಸಾಲದೆಂದೋ ಕೊಟ್ಟಿಗೆಯನ್ನು ಹಿಂದಕ್ಕೆ ಸರಿಸಲೆಂದೋ ಒಂದೇ ದಿನದಲ್ಲಿ ಹದಿನೈದಿಪ್ಪತ್ತು ಅಡಿಯ ಧರೆ ಕಡಿಯಲಾಗುತ್ತದೆ. ಹಿರಿಯರು ಗುದ್ದಲಿಯಿಂದ ವರ್ಷಗಟ್ಟಲೆ ಕಡಿದ ಧರೆಗೂ ಇದಕ್ಕೂ ಅಂತರವಿದೆ. ಆಗ ಮಣ್ಣಿಗೆ ನೆಲೆಗೊಳ್ಳಲು ಸಮಯವಿತ್ತು, ಧರೆಗೆ ಇಳಿಜಾರಿತ್ತು.

ನಮ್ಮ ನೆಲದ ರಚನೆಯನ್ನು ಸ್ವಲ್ಪ ತಿಳಿಯಬೇಕು. ಬಹುಪಾಲು ಕಡೆ ಮೇಲೆ ಮುರಕಲ್ಲು ಅಥವಾ ಜಂಬಿಟ್ಟಿಗೆಯ ಪದರವಿದೆ. ಅದು ನೀರನ್ನು ಬೇಗನೆ ಒಳಗೆ ಬಿಡುತ್ತದೆ. ಅದರ ಅಡಿಯಲ್ಲಿ ಬಿಳಿ ಅಥವಾ ನಸುಗೆಂಪು ಬಣ್ಣದ ಜೇಡಿ. ಕರಾವಳಿಯವರು ಶೇಡಿಮಣ್ಣು ಎನ್ನುತ್ತಾರೆ. ಬೇಸಗೆಯಲ್ಲಿ ಇದು ಗೋಡೆಯಂತೆ ನಿಲ್ಲುತ್ತದೆ, ಜೆಸಿಬಿಯವರು ಮೆಚ್ಚುವುದೂ ಇದನ್ನೇ. ನೀರು ತುಂಬಿದಾಗ ಮಾತ್ರ ಅದರ ಬಿಗಿ ಕಳೆದುಹೋಗಿ, ಮೇಲಿನ ಪದರ ತನ್ನ ಮರಗಿಡಗಳ ಸಮೇತ ಜಾರುತ್ತದೆ. ಒಂದು ಎಕರೆಯ ಮೇಲೆ 200 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 8 ಲಕ್ಷ ಲೀಟರ್ ನೀರು, ಅಂದರೆ 800 ಟನ್ ತೂಕ. ಅದರಲ್ಲಿ ಎಷ್ಟು ಹರಿದುಹೋಯಿತು, ಎಷ್ಟು ಗುಡ್ಡದೊಳಗೆ ಇಳಿಯಿತು ಎಂಬುದರ ಮೇಲೆ ಕೆಳಗಿನ ಮನೆಯ ಕ್ಷೇಮ ನಿಂತಿದೆ.

ಇಲ್ಲಿಯೇ ನಮ್ಮ ವಲಯದಲ್ಲಿ ಕೆಲವರಿಗೆ ಹಿತವೆನಿಸದ ಮಾತೊಂದನ್ನು ಹೇಳಬೇಕಾಗಿದೆ. ಇಂಗುಗುಂಡಿಯು ಒಳ್ಳೆಯ ಕೆಲಸ. ಬೋಳಾದ ಬಯಲಿನಲ್ಲಿ, ಸೌಮ್ಯ ಇಳಿಜಾರಿನಲ್ಲಿ ಅದು ಬಾವಿಗಳಿಗೆ ಜೀವ ಕೊಟ್ಟಿದೆ. ಆದರೆ ಮನೆಯ ನೆತ್ತಿಯ ಮೇಲಿರುವ ಕಡಿದಾದ ಗುಡ್ಡಕ್ಕೆ ಅದು ತಕ್ಕುದಲ್ಲ. ಅಲ್ಲಿ ಬೇಕಾದುದು ನೀರನ್ನು ಪಕ್ಕದ ಹಳ್ಳಕ್ಕೆ ಸಾಗಿಸುವ ಅಗಳು. ಮಳೆಗೆ ಮುನ್ನ ಆ ಅಗಳಿನ ದರಕು, ಮಣ್ಣನ್ನು ತೆಗೆದು, ನೀರು ಎಲ್ಲಿಯೂ ನಿಲ್ಲದಂತೆ ನೋಡಿಕೊಳ್ಳುವುದೇ ಮೊದಲ ಸಿದ್ಧತೆ. ಧರೆಯ ಮೇಲಂಚಿನಲ್ಲಿ ಅಡಿಕೆ, ಬಾಳೆ ಇದ್ದರೆ ಮಣ್ಣು ಹಿಡಿದೀತೆಂಬ ಭರವಸೆಯೂ ಬೇಡ. ಅವುಗಳ ಬೇರು ಆಳಕ್ಕೆ ಇಳಿಯುವುದಿಲ್ಲ.

ಧರೆಗೂ ಗೋಡೆಗೂ ನಡುವೆ ಕನಿಷ್ಠ ಧರೆಯ ಎತ್ತರದಷ್ಟಾದರೂ ಅಂತರವಿರಬೇಕು. ಇಲ್ಲಿ ಕುಳಿತವರಲ್ಲಿ ಎಷ್ಟು ಮಂದಿಗೆ ಅಷ್ಟು ಜಾಗವಿದೆ? ಇಲ್ಲದವರು ಮನೆಯನ್ನು ಸರಿಸಲಾರರು, ನಿಜ. ಹಾಸಿಗೆಯನ್ನು ಸರಿಸಬಹುದು. ನಮ್ಮ ಮನೆಗಳಲ್ಲಿ ಅಡುಗೆಕೋಣೆ, ಬಚ್ಚಲು, ಮುದುಕರು ಮಲಗುವ ಬೆಚ್ಚನೆಯ ಕೋಣೆ, ಇವೆಲ್ಲ ಸಾಮಾನ್ಯವಾಗಿ ಹಿಂಬದಿಗೆ, ಧರೆಯ ಮಗ್ಗುಲಿಗೇ ಇರುತ್ತವೆ. ಆ ಆರು ವಾರಗಳ ಕಾಲ ಎಲ್ಲರೂ ಮುಂದಿನ ಜಗಲಿಯ ಬದಿಗೆ ಮಲಗುವುದಕ್ಕೆ ಖರ್ಚಿಲ್ಲ.

ಇನ್ನು ಮಳೆಯ ಅಳತೆ. ವಯನಾಡಿನ ಕಲ್ಪೆಟ್ಟದಲ್ಲಿರುವ ಹ್ಯೂಮ್ ಪರಿಸರ ಮತ್ತು ವನ್ಯಜೀವಿ ಜೀವಶಾಸ್ತ್ರ ಕೇಂದ್ರವು ಜಿಲ್ಲೆಯ ರೈತರ ನೆರವಿನಿಂದ ಹಲವೆಡೆ ಮಳೆಮಾಪಕಗಳ ಲೆಕ್ಕ ಸಂಗ್ರಹಿಸುತ್ತದೆ. ದುರಂತಕ್ಕೆ ಒಂದು ದಿನ ಮೊದಲೇ ಅದು ಆಡಳಿತಕ್ಕೆ ಅಪಾಯದ ಸೂಚನೆ ನೀಡಿತ್ತು. ಜಿಲ್ಲೆಗೆಲ್ಲ ಅನ್ವಯವಾಗುವ ಬಣ್ಣದ ಮುನ್ನೆಚ್ಚರಿಕೆಗೆ ನಿಮ್ಮ ಕಣಿವೆಯ ಪರಿಚಯವಿಲ್ಲ. ಗುಡ್ಡದ ಈಚೆ 80 ಮಿಲಿಮೀಟರ್, ಆಚೆ 200 ಸುರಿಯುವುದನ್ನು ನಾವೆಲ್ಲ ಬಲ್ಲೆವು. ಬಾಯಿಯೂ ಬುಡವೂ ಸಮ ಅಗಲವಿರುವ ಒಂದಡಿ ಎತ್ತರದ ಡಬ್ಬಿಯನ್ನು ಮರದ ನೆರಳಿಲ್ಲದ ಕಡೆ ಇಟ್ಟು, ಬೆಳಿಗ್ಗೆ ಸಂಜೆ ಅಡಿಪಟ್ಟಿಯಿಂದ ಅಳೆದು ಬರೆದಿಟ್ಟರೆ ಸಾಕು. ಶಾಲೆಗೆ ಹೋಗುವ ಮಕ್ಕಳು ಇದನ್ನು ದೊಡ್ಡವರಿಗಿಂತ ಚೆನ್ನಾಗಿ ಮಾಡುತ್ತಾರೆ. ದಿನವೊಂದಕ್ಕೆ 204.4 ಮಿಲಿಮೀಟರ್ ದಾಟಿದ ಮಳೆಯನ್ನು ಹವಾಮಾನ ಇಲಾಖೆ ಅತ್ಯಂತ ಭಾರಿ ಮಳೆ ಎಂದು ಪರಿಗಣಿಸುತ್ತದೆ. ಯಾವ ಅಂಕಿಗೆ ಯಾವ ಗುಡ್ಡ ಜರಿಯುತ್ತದೆಂದು ಒಂದೇ ಸೂತ್ರವಿಲ್ಲ. ನಿಮ್ಮದೇ ನಾಲ್ಕಾರು ವರ್ಷಗಳ ಲೆಕ್ಕ ಕೂಡುವವರೆಗೆ, ವಾರವಿಡೀ ನೆನೆದ ನೆಲದ ಮೇಲೆ ಒಂದೇ ದಿನ 200 ತಲುಪಿತೆಂದರೆ ಧರೆಯ ಕೆಳಗಿನ ಮನೆಯಲ್ಲಿ ಆ ರಾತ್ರಿ ಮಲಗಬಾರದೆಂಬುದು ನನ್ನ ಸಲಹೆ.

ಗುಡ್ಡವೂ ಕೆಲವೊಮ್ಮೆ ಮುನ್ಸೂಚನೆ ಕೊಡುತ್ತದೆ. ಎಂದೂ ಇಲ್ಲದ ಕಡೆ ಒರತೆ ಒಡೆಯುವುದು, ತಿಳಿಯಾಗಿದ್ದ ಅಬ್ಬಿಯ ನೀರು ಕದಡುವುದು, ಅಂಗಳದಲ್ಲಿ ಅರ್ಧಚಂದ್ರಾಕಾರದ ಬಿರುಕು, ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾಗುವುದು, ಮರ ವಾಲುವುದು. ಎಲ್ಲಕ್ಕಿಂತ ಭಯಪಡಬೇಕಾದುದು, ಜಡಿಮಳೆಯಲ್ಲಿಯೂ ಹಳ್ಳದ ನೀರು ಒಮ್ಮೆಲೇ ಇಳಿಯುವುದು. ಮೇಲೆಲ್ಲೋ ಮಣ್ಣು, ಮರ ಅಡ್ಡಬಿದ್ದು ನೀರು ಕಟ್ಟಿಕೊಂಡಿರಬಹುದು. ಅದು ಒಡೆದಾಗ ಓಡಲು ಸಮಯ ಸಿಗದು. ಹಳ್ಳದ ಗುಂಟ ಕೆಳಕ್ಕೆ ಓಡಬಾರದು, ಪಕ್ಕದ ದಿಬ್ಬಕ್ಕೆ ಏರಬೇಕು. ಸಂಕ ದಾಟಿಯೇ ಹೋಗಬೇಕಾದ ಮನೆಯಾದರೆ ಹಳ್ಳ ಉಕ್ಕುವ ಮೊದಲೇ, ಹಗಲಿನಲ್ಲಿಯೇ ಹೊರಡಬೇಕು.

ಹೊರಡುವ ವಿಷಯದಲ್ಲಿ ಬಹಳಷ್ಟು ಮನೆಗಳು ಸೋಲುತ್ತವೆ. ಪಹಣಿ, ಗುರುತಿನ ಚೀಟಿ, ಪಾಸ್‌ಬುಕ್, ನಿತ್ಯದ ಔಷಧಿ, ಬ್ಯಾಟರಿ, ಇವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದು ಕಷ್ಟದ ಕೆಲಸವಲ್ಲ. ಕಷ್ಟವಾದುದು ಮಧ್ಯರಾತ್ರಿ ಎರಡು ಗಂಟೆಗೆ "ಹೊರಡೋಣ" ಎಂದು ಹೇಳುವವರು ಯಾರು ಎಂಬುದು. ಅಜ್ಜ ದೇವರ ಕೋಣೆ ಬಿಟ್ಟು ಬರಲೊಪ್ಪುವುದಿಲ್ಲ. ಅಮ್ಮನಿಗೆ ಕರುವಿನ ಚಿಂತೆ. ಸೊಸೆಗೆ ಬಿರುಕು ಕಂಡಿದ್ದರೂ ಹೇಳುವ ಧೈರ್ಯವಿರುವುದಿಲ್ಲ. ಆದ್ದರಿಂದ ಮೇ ತಿಂಗಳಲ್ಲಿಯೇ ಮನೆಮಂದಿಯೆಲ್ಲ ಕುಳಿತು ಒಪ್ಪಂದಕ್ಕೆ ಬರಬೇಕು: ಮನೆಯಲ್ಲಿ ಯಾರೊಬ್ಬರು ಹೇಳಿದರೂ, ಅವರು ಹೆಂಗಸಾಗಿರಲಿ ಮಕ್ಕಳಾಗಿರಲಿ, ವಾದಿಸದೆ ಎಲ್ಲರೂ ಹೊರಡುವುದು. ದನಗಳನ್ನು ಸಂಜೆಯೇ ಸುರಕ್ಷಿತ ಕಡೆಗೆ ಸಾಗಿಸುವುದು. ಆಗದಿದ್ದರೆ ಕಣ್ಣಿ ಬಿಚ್ಚಿಬಿಡುವುದು. ಹೋಗಬೇಕಾದ ಮನೆ ಯಾವುದೆಂದು ಮೊದಲೇ ಗೊತ್ತುಮಾಡಿ, ಆ ಮನೆಯವರಿಗೂ ತಿಳಿಸಿಡುವುದು. ನಾಲ್ಕು ರಾತ್ರಿ ಹೋಗಿ ಏನೂ ಆಗದೆ ಮರಳಿದವರನ್ನು ಊರಿನವರು ನಗೆಯಾಡಬಾರದು. ನಗೆಗೆ ಅಂಜಿದವರು ಐದನೆಯ ರಾತ್ರಿ ಹೊರಡುವುದಿಲ್ಲ.

ಸಭೆ ಮುಗಿದ ಬಳಿಕ ಕೇರಿವಾರು ಕುಳಿತು, ಯಾವ ಮನೆ ಧರೆಯ ಕೆಳಗಿದೆ, ಅವರಿಗೆ ದಿಬ್ಬದ ಮೇಲೆ ಬಾಗಿಲು ತೆರೆಯುವವರು ಯಾರು ಎಂದು ಬರೆದುಕೊಳ್ಳೋಣ. ಹಾಳೆ, ಲೇಖನಿ ಅಲ್ಲಿ ಮೇಜಿನ ಮೇಲಿವೆ.